ಹಾಲುಗಲ್ಲಿನ ಬಟ್ಟಲು ಹುಟ್ಟಿದ ಊರಿನಲ್ಲಿ

ಅಗಡಿ

ವಿದೇಶಕ್ಕೆ ಹೊರಟವರಿಗೆ ಮನೆಯವರು ಅಲ್ಲಿಂದ ಏನೇನು ತರಬೇಕೆಂದು ಪಟ್ಟಿ ಕೊಡುತ್ತಾರೆ. ನಮ್ಮವ್ವ ಪಟ್ಟಿ ಕೊಡಲಿಲ್ಲ, ಒಂದು ಒಡಕು ಬಟ್ಟಲು ಕೊಟ್ಟಳು.

ರಾಣೆಬೆನ್ನೂರಿನಲ್ಲಿ ನನ್ನದು ಸ್ಟೀಲ್ ಪಾತ್ರೆಯ ಅಂಗಡಿ. ಮದುವೆ ಮನೆಯ ಹಂಡೆಯಿಂದ ತೊಟ್ಟಿಲ ಕೂಸಿಗೆ ಹಾಲು ಕುಡಿಸುವ ಒಳಲೆಯವರೆಗೆ ಎಲ್ಲವನ್ನೂ ಮಾರುತ್ತೇನೆ. ನಮ್ಮೂರಿನಲ್ಲಿ ಬೀಜದ ಕಂಪನಿಯ ಏಜೆಂಟರು ವರ್ಷಕ್ಕೊಮ್ಮೆ ಬ್ಯಾಂಕಾಕಿಗೆ ಹೋಗಿ ಬಂದು ಫೋಟೋ ತೋರಿಸುವುದು, ಪಾತ್ರೆ ವ್ಯಾಪಾರಿಗಳಾದ ನಾವು ಅದನ್ನು ನೋಡಿ ಹಲ್ಲು ಕಿರಿಯುವುದು ವಾಡಿಕೆಯಾಗಿತ್ತು. ಈ ಸಲ ಒಂದು ಕುಕ್ಕರ್ ಕಂಪನಿಗೆ ನಮ್ಮ ಮೇಲೂ ಪ್ರೀತಿ ಹುಟ್ಟಿತು. ಹೆಚ್ಚು ಮಾಲು ಎತ್ತಿದವರನ್ನೆಲ್ಲ ಹೆಂಡಿರ ಸಮೇತ ಲಂಡನ್ನಿಗೆ ಕರೆದೊಯ್ಯುತ್ತೇವೆಂದು ಹೇಳಿತು. ನಾನು, ನನ್ನ ಹೆಂಡತಿ ಶಾಂತಾ ಇಬ್ಬರೂ ಹೊರಟೆವು.

ಅವ್ವ ಇರುವುದು ಅಗಡಿಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಎಂಬತ್ತು ದಾಟಿದ್ದಾಳೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡಿ, ಲಿಂಗಕ್ಕೆರೆದ ನೀರನ್ನು ಒಂದು ಬಿಳಿಯ ಬಟ್ಟಲಿಗೆ ಹಿಡಿದು ಕುಡಿದ ಮೇಲೆಯೇ ಆಕೆಗೆ ಅನ್ನ. ಆ ಬಟ್ಟಲನ್ನು ನನ್ನ ಮುತ್ತಜ್ಜನಿಗೆ ಹತ್ತಿ ಕೊಳ್ಳಲು ಬಂದ ಬಿಳಿಯ ಸಾಹೇಬನೊಬ್ಬ ಕೊಟ್ಟನಂತೆ. ತೆಳ್ಳಗೆ, ಹಾಲಿನ ಕೆನೆಯಂತೆ ಬೆಳ್ಳಗೆ, ಅಂಚಿಗೆ ನೀಲಿ ಹೂವಿನ ಬಳ್ಳಿ. ಹಾಲುಗಲ್ಲನ್ನು ಕೊರೆದು ಮಾಡಿದ್ದು ಎಂದು ಮುತ್ತಜ್ಜ ತೀರ್ಮಾನಿಸಿದ. ಕಲ್ಲಿಗೆ ಎಲ್ಲಿಯ ಮೈಲಿಗೆ? ಬಟ್ಟಲು ಸೀದಾ ದೇವರ ಜಗುಲಿ ಏರಿತು. ಸೊಸೆಯಿಂದ ಸೊಸೆಗೆ ಬಂದು ಅವ್ವನ ಕೈಗೆ ಸೇರಿದಾಗ ಆಕೆಗೆ ಹದಿನೇಳು ವರ್ಷ. ನಾವು ಸಣ್ಣವರಿದ್ದಾಗ ಅದನ್ನು ದೀಪದ ಮುಂದೆ ಹಿಡಿದು, ಹಿಂದೆ ಬೆರಳಿಟ್ಟು, ಬೆರಳಿನ ನೆರಳು ಈಚೆ ಕಾಣುವುದನ್ನು ತೋರಿಸುತ್ತಿದ್ದಳು.

ನಾವು ಹೊರಡುವ ಮೂರು ತಿಂಗಳ ಮುಂಚೆ ತಮ್ಮನ ಹೆಂಡತಿ ಗೊತ್ತಿಲ್ಲದೆ ಅದಕ್ಕೆ ಕುದಿನೀರು ಸುರಿದಳು. ಅಂಚಿನಿಂದ ಬುಡದವರೆಗೆ ಕೂದಲೆಳೆಯಂಥ ಬಿರುಕು ಬಿತ್ತು. ಅವ್ವ ಯಾರನ್ನೂ ಬೈಯಲಿಲ್ಲ. ಇದರ ಜೋಡಿ ಮನೆಗೆ ಬರುವವರೆಗೆ ತನಗೆ ದಿನಕ್ಕೆ ಒಂದೇ ಊಟ ಎಂದುಬಿಟ್ಟಳು. ನಾನು ಅಂಗಡಿಯಿಂದ ಹೊಳೆಯುವ ಹೊಸ ಬಟ್ಟಲು ಒಯ್ದರೆ, "ನಿನ್ನ ಬಟ್ಟಲಾ ಸಾರು ಹಾಕ್ಕೊಳ್ಳಾಕ ಇರಲೋ ತಮ್ಮಾ, ಪೂಜೆಕ ಬ್ಯಾಡ" ಎಂದಳು. ನೋಡನೋಡುತ್ತಿದ್ದಂತೆ ಆಕೆಯ ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ನನಗೆ ಭಯವಾಯಿತು.

ಬಟ್ಟಲಿನ ತಳದಲ್ಲಿ ಹಗ್ಗದ ಗಂಟಿನಂಥದೊಂದು ಗುರುತಿತ್ತು. ಅಂಗಡಿಗೆ ಬರುವ ಕಾಲೇಜು ಮಾಸ್ತರರೊಬ್ಬರು ಮೊಬೈಲಿನಲ್ಲಿ ಹುಡುಕಿ, ಇದು ಇಂಗ್ಲೆಂಡಿನ ಸ್ಟೋಕ್ ಕಡೆಯ ಕುಂಬಾರರ ಸೀಮೆಯ ಗುರುತು ಎಂದರು. ಅವ್ವನಿಗೆ ಅಷ್ಟು ಸಾಕಾಯಿತು. ಬಟ್ಟಲನ್ನು ತನ್ನ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಸುತ್ತಿ ನನ್ನ ಚೀಲಕ್ಕಿಟ್ಟಳು.

"ಹುಟ್ಟಿದ ಊರಾಗ ಜೋಡಿ ಸಿಕ್ಕ ಸಿಗತೈತಿ. ಹುಡುಕಿ ತಾ," ಎಂದಳು.

ಲಂಡನ್

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆರೆಸಿದರು. ಬಟ್ಟಲನ್ನು ಬಿಟ್ಟು ವಿಭೂತಿ ಗಟ್ಟಿಯನ್ನು ಹಿಡಿದುಕೊಂಡರು. ಗಡ್ಡದ ಅಧಿಕಾರಿಯೊಬ್ಬ ಅದನ್ನು ಮೂಸಿ, ಇದೇನು ಎಂದ. ಬೂದಿ ಎಂದೆ. ಅವನ ಮುಖ ಮೆತ್ತಗಾಯಿತು. ದನಿ ತಗ್ಗಿಸಿ, "ಯಾರದು?" ಎಂದು ಕೇಳಿದ.

ಅವರ ದೇಶದಲ್ಲಿ ಚೀಲದಲ್ಲಿ ಬೂದಿ ಇದ್ದರೆ ಅದು ಮನೆಯ ಯಾರೋ ಒಬ್ಬರದಾಗಿರುತ್ತದೆ ಎಂಬುದು ನನಗೇನು ಗೊತ್ತು? ನಾನು ಪ್ರಾಮಾಣಿಕವಾಗಿ "ಆಕಳದು" ಎಂದೆ. ಅವನು ಕೈ ಹಿಂದಕ್ಕೆಳೆದುಕೊಂಡ. ಶಾಂತಾ ನನ್ನ ಪಕ್ಕೆಗೆ ತಿವಿದಳು. "ಸಗಣಿದು ಅನ್ರಿ, ಆಕಳದು ಅಂದ್ರ ಏನ್ ತಿಳ್ಕೊಂಡಾನ," ಎಂದಳು. ಸಗಣಿ ಎಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿ, ಅದನ್ನು ಹಣೆಗೆ ಹಚ್ಚಿಕೊಳ್ಳುತ್ತೇವೆಂದು ತೋರಿಸಿದ ಮೇಲೆ ಅವನು ನಮ್ಮನ್ನು ಬಿಟ್ಟ. ಸಾಲಿನಲ್ಲಿ ಹಿಂದಿದ್ದ ಗದಗಿನ ವ್ಯಾಪಾರಿಗಳು ತಮ್ಮ ತಮ್ಮ ವಿಭೂತಿಯನ್ನು ಜೇಬಿಗಿಳಿಸಿದರು.

ಲಂಡನ್ನಿನ ಬಗ್ಗೆ ನಾನು ಬರೆಯುವುದಿಲ್ಲ, ಅದನ್ನು ಎಲ್ಲರೂ ಬರೆದಿದ್ದಾರೆ. ಎರಡನೆಯ ದಿನ ಉಳಿದವರು ಮೇಣದ ಗೊಂಬೆ ನೋಡಲು ಬಸ್ಸು ಹತ್ತಿದರು. ನಾವು ಸ್ಟೋಕಿನ ರೈಲು ಹತ್ತಿದೆವು.

ರೈಲು ಬೆಚ್ಚಗಿತ್ತು. ಯಾರೂ ಯಾರನ್ನೂ ಯಾವ ಊರು, ಮಕ್ಕಳೆಷ್ಟು ಎಂದು ಕೇಳುವುದಿಲ್ಲ. ಹುಬ್ಬಳ್ಳಿ ಗಾಡಿಯಲ್ಲಿ ಹಾವೇರಿ ದಾಟುವುದರೊಳಗೆ ಎದುರಿನವರ ಬೀಗರ ಹೆಸರು ಸಹ ಗೊತ್ತಾಗಿರುತ್ತದೆ. ಇಲ್ಲಿ ಎರಡು ತಾಸು ಕೂತರೂ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಆ ಮೌನದಲ್ಲಿ ನನ್ನ ತೊಡೆಯ ಮೇಲಿನ ಚೀಲದೊಳಗಿಂದ "ಟಿಣ್" ಎಂದಿತು. ಸಣ್ಣದೊಂದು ಬಳೆಯನ್ನು ಉಗುರಿನಿಂದ ಮೀಟಿದ ಹಾಗೆ. ಶಾಂತಾ ನನ್ನ ಮುಖ ನೋಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ಸೆರಗಿನ ಗಂಟು ಬಿಚ್ಚಿ ನೋಡಿದೆ. ಬಟ್ಟಲು ಹೇಗಿತ್ತೋ ಹಾಗೇ ಇತ್ತು.

"ಅತ್ತಿಯವರು ಹೇಳಿದ್ರು, ಬಿರುಕು ಬಿಟ್ಟಾಗಿಂದ ಅದು ನಸಿಕಿನ್ಯಾಗ ಕೂಗತೈತಿ ಅಂತ. ನಾ ನಂಬಿರಲಿಲ್ಲ," ಎಂದಳು ಶಾಂತಾ. ಆಮೇಲೆ ಆಕೆ ಆ ಚೀಲವನ್ನು ತನ್ನ ಕಡೆ ಇಟ್ಟುಕೊಳ್ಳಲು ಒಪ್ಪಲಿಲ್ಲ.

ಸ್ಟೋಕ್

ಆಕಾಶ ಮುಸುರೆ ನೀರಿನ ಬಣ್ಣಕ್ಕಿತ್ತು. ನಿಲ್ದಾಣದಿಂದ ಕಾಲುವೆಯ ದಂಡೆಗುಂಟ ನಡೆದರೆ ಹಳೆಯ ಕಾರ್ಖಾನೆ ಸಿಗುತ್ತದೆ, ಅದೀಗ ನೋಡುವವರಿಗಾಗಿ ತೆರೆದಿದೆ ಎಂದು ಯಾರೋ ದಾರಿ ಹೇಳಿದರು. ಹೇಳಿದಾಕೆ ಶಾಂತಾಳ ಭುಜ ತಟ್ಟಿ "ಬಾತುಕೋಳೀ" ಎಂದು ಕರೆದಳು. ಈ ಸೀಮೆಯಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಅಂಗಡಿಯಾಕೆಯವರೆಗೆ ಎಲ್ಲರೂ ಎಲ್ಲರನ್ನೂ ಹಾಗೇ ಕರೆಯುತ್ತಾರೆ, ನಮ್ಮಲ್ಲಿ ಯಪ್ಪಾ, ಯವ್ವಾ ಎಂದಂತೆ. ಒಂದು ಮನೆಯ ಕಿಟಕಿಯಲ್ಲಿ ಓಟ್ಸ್ ಹಿಟ್ಟಿನ ದೋಸೆ ಸುಟ್ಟು ಮಾರುತ್ತಿದ್ದರು. ಥೇಟ್ ನಮ್ಮ ಗೋಧಿ ದೋಸೆಯೇ. ಶಾಂತಾ ತನ್ನ ಶೇಂಗಾ ಚಟ್ನಿಯ ಡಬ್ಬಿ ತೆಗೆದಳು. ಬ್ಯಾಡಗಿ ಆಕೆಯ ತವರು. ಆ ಡಬ್ಬಿ ತೆರೆದೊಡನೆ ಕಿಟಕಿಯಾಚೆಯವನು ಏಳು ಸಲ ಸೀನಿ, ಕಣ್ಣೊರೆಸಿಕೊಂಡು, ತನಗೂ ಒಂದು ಚಮಚ ಬೇಕೆಂದ.

ಅಷ್ಟು ಹೊತ್ತು ಮಾತ್ರ ನಗು. ಕಾಲುವೆಯ ದಂಡೆಗೆ ಇಳಿದೆವು. ನೀರು ಕರ್ರಗೆ ಅಲುಗದೆ ನಿಂತಿತ್ತು. ಆಚೆ ದಡದಲ್ಲಿ ಹತ್ತಾಳೆತ್ತರದ ಹೊಟ್ಟೆ ಉಬ್ಬಿದ ಇಟ್ಟಿಗೆಯ ಗೂಡುಗಳು, ಅವುಗಳ ಬಾಯಿಂದ ಗಿಡ ಬೆಳೆದಿತ್ತು. ಕಾಲಿಟ್ಟಲ್ಲೆಲ್ಲ ಕರಕರ ಸದ್ದು. ಬಗ್ಗಿ ನೋಡಿದರೆ ಅದು ಜಲ್ಲಿಯಲ್ಲ, ಒಡೆದ ಪಿಂಗಾಣಿ. ಕಪ್ಪಿನ ಕಿವಿ, ತಟ್ಟೆಯ ಅಂಚು, ಟೀ ಜಗ್ಗಿನ ಮೂತಿ. ಇನ್ನೂರು ವರ್ಷ ಒಡೆದದ್ದನ್ನೆಲ್ಲ ಈ ಊರಿನವರು ನೆಲಕ್ಕೇ ಸುರಿದಿದ್ದಾರೆ. ಮಳೆಯಾದರೆ ಮಣ್ಣು ಇವನ್ನು ಹೊರಗೆ ಹಾಕುತ್ತದಂತೆ. ಶಾಂತಾ ಬೆರಳುದ್ದದ ಗೊಂಬೆಯ ಕೈಯೊಂದನ್ನು ಎತ್ತಿಕೊಂಡಳು. ಐದು ಬೆರಳೂ ನೆಟ್ಟಗಿದ್ದವು, ಉಗುರು ಸಹ ಬಿಡಿಸಿದ್ದರು.

"ಬಿಸಾಕು," ಎಂದೆ.

"ಬಿಸಾಕಾಕ ಕೈ ಬರವಲ್ದ್ರಿ," ಎಂದಳು. ಸ್ವಲ್ಪ ದೂರ ಹೋಗಿ ಒಂದು ಕಲ್ಲಿನ ಮೇಲೆ ಅದನ್ನು ಅಂಗಾತ ಮಲಗಿಸಿದಳು.

ಬೆಂಕಿಯ ಗೂಡು

ಕಾರ್ಖಾನೆಯಲ್ಲಿ ಆ ದಿನ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ತೋರಿಸಲು ಬಂದಾಕೆ ಡೊರೊಥಿ, ಎಪ್ಪತ್ತೈದರ ಆಸುಪಾಸು, ಹದಿನೈದನೆಯ ವಯಸ್ಸಿನಿಂದ ಇದೇ ಊರಿನಲ್ಲಿ ಕಪ್ಪುಗಳ ಮೇಲೆ ಹೂವು ಬರೆದು ನಿವೃತ್ತಳಾದವಳು. ಆಕೆಯ ತಾಯಿ, ಅಜ್ಜಿಯರ ಕೆಲಸವೂ ಅದೇ. ಆಕೆಯ ಇಂಗ್ಲಿಷು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ಕೈಸನ್ನೆಯಿಂದ ತುಂಬಿಕೊಂಡೆ.

ಮೊದಲು ಗೂಡಿನೊಳಗೆ ಕರೆದೊಯ್ದಳು. ನಮ್ಮ ಕುಂಬಾರರ ಆವಿಗೆ ನೋಡಿದವನು ನಾನು, ಬಯಲಿನಲ್ಲಿ ಹುಲ್ಲು, ಬೆರಣಿ ಮುಚ್ಚಿ ಸುಡುವುದು. ಇದು ಬೇರೆ. ನಲವತ್ತು ಜನ ನಿಲ್ಲಬಹುದಾದ ಗುಂಡು ಕೋಣೆ, ಗೋಡೆಯ ಇಟ್ಟಿಗೆಗಳು ಬೆಂಕಿ ತಿಂದು ತಿಂದು ಗಾಜಿನಂತೆ ಮಿರುಗುತ್ತಿದ್ದವು, ಮೇಲೆ ಒಂದು ತೂತಿನಷ್ಟು ಆಕಾಶ. ಹಸಿ ಪಾತ್ರೆಗಳನ್ನು ಬೆಂಕಿಮಣ್ಣಿನ ಡಬ್ಬಿಗಳಲ್ಲಿಟ್ಟು, ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಏಣಿ ಹತ್ತಿ ಜೋಡಿಸುತ್ತಿದ್ದರಂತೆ. ಹಳೆಯ ಕಾಲುಚೀಲಗಳನ್ನು ಸುರುಳಿ ಸುತ್ತಿ ತಲೆಗಿಟ್ಟುಕೊಳ್ಳುತ್ತಿದ್ದರು. ಗೋಡೆಗೆ ನೇತುಹಾಕಿದ್ದ ಒಂದನ್ನು ನೋಡಿ ಶಾಂತಾ, "ಅಯ್ಯ, ಸಿಂಬಿ," ಎಂದಳು. ಅದು ಸಿಂಬಿಯೇ. ಅದನ್ನಿಟ್ಟುಕೊಂಡ ತಲೆಯ ಬೆವರಿನ ಕಲೆ ಇನ್ನೂ ಅದರ ಮೇಲಿತ್ತು.

ಡೊರೊಥಿ ಅಲ್ಲಿಯೇ ನಿಂತು ಆ ಕಾಲದ ಬದುಕು ಹೇಳಿದಳು. ಗೂಡುಗಳೆಲ್ಲ ಉರಿಯುವ ದಿನ ಹೊಗೆ ಕವಿದು ಮಟಮಟ ಮಧ್ಯಾಹ್ನ ದೀಪ ಹಚ್ಚುತ್ತಿದ್ದರು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಕಪ್ಪಾಗುತ್ತಿತ್ತು. ಆದರೂ ಆಕಾಶ ತಿಳಿಯಾದರೆ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತಿತ್ತು, ಹೊಗೆ ಇಲ್ಲವೆಂದರೆ ಕೂಲಿ ಇಲ್ಲ. ಮಣ್ಣಿಗೆ ಅರೆದು ಬೆರೆಸುತ್ತಿದ್ದ ಚಕಮಕಿ ಕಲ್ಲಿನ ಧೂಳು ಎದೆಗಿಳಿದವರು ನಲವತ್ತಕ್ಕೆಲ್ಲ ಮೆಟ್ಟಿಲು ಹತ್ತಲಾರದೆ ಕೂರುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೆಳೆದ ಶಾಂತಾಳಿಗೆ ಧೂಳಿನ ಮಾತು ಬಿಡಿಸಿ ಹೇಳಬೇಕಿರಲಿಲ್ಲ. ಸೋಮವಾರ ಮಾತ್ರ ಯಾರೂ ಕೆಲಸ ಮುಟ್ಟುತ್ತಿರಲಿಲ್ಲವಂತೆ. ಯಜಮಾನರು ಬೈದರೂ, ಕೂಲಿ ಹಿಡಿದರೂ ಅದೊಂದು ದಿನ ಅವರು ಬಿಟ್ಟುಕೊಡಲಿಲ್ಲ.

"ನಮ್ಮ ಕಡೆ ಸೋಮವಾರ ಎತ್ತು ಹೂಡಂಗಿಲ್ಲ, ಇಲ್ಲಿ ಮನಷ್ಯಾರ ನೊಗಾ ಇಳಿಸ್ತಿದ್ರು ನೋಡ್ರಿ," ಎಂದಳು ಶಾಂತಾ.

ಹೊರಗೆ ಬಂದ ಮೇಲೆ ಡೊರೊಥಿ ಗೂಡಿನ ಬಾಗಿಲಲ್ಲಿ ತಿರುಗಿ ನಿಂತಳು. ಬೇಯಿಸುವ ಮುಂಚೆ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚುತ್ತಿದ್ದರು. ಚಳಿಗೆ ಮನೆಯಿಲ್ಲದವರು ಬೆಚ್ಚಗಿದ್ದ ಗೂಡಿನೊಳಗೆ ಹೊಕ್ಕು ಮಲಗುವುದಿತ್ತು. ಅದಕ್ಕೇ ಕೊನೆಯ ಇಟ್ಟಿಗೆ ಇಡುವ ಮೊದಲು ಮೂರು ಸಲ ಕೂಗಬೇಕು. ಈ ಕಾರ್ಖಾನೆಯಲ್ಲಿ ಒಂದು ಸಲ ಎರಡೇ ಕೂಗು ಹಾಕಿದ್ದರು ಎಂದು ಆಕೆಯ ಅಜ್ಜಿ ಹೇಳುತ್ತಿದ್ದಳಂತೆ. ಮುಂದೇನಾಯಿತೆಂದು ನಾನು ಕೇಳಲಿಲ್ಲ. ಗೂಡು ತಣ್ಣಗಾಗಿ ಎಷ್ಟೋ ಕಾಲವಾದರೂ ಬಂದವರನ್ನು ಹೊರಗೆ ಕಳಿಸುವಾಗಲೆಲ್ಲ ತಾನು ಕೂಗುವುದನ್ನು ಬಿಟ್ಟಿಲ್ಲ ಎಂದು ಹೇಳಿ, ಕತ್ತಲೆಯೊಳಗೆ ಮುಖ ಹಾಕಿದಳು.

"ಒಳಗೆ ಯಾರಾದರೂ ಇದ್ದೀರಾ?"

ಸದ್ದು ಮೇಲೇರಿ ತೂತಿನಿಂದ ಹೊರಟುಹೋಯಿತು. ಎರಡನೆಯ ಸಲ ಕೂಗಿದಳು. ನಮ್ಮಲ್ಲಿ ರಾತ್ರಿ ಹೊತ್ತು ಹೊರಗಿಂದ ಕರೆದರೆ ಮೊದಲ ಕೂಗಿಗೆ ಓಗೊಡಬಾರದೆನ್ನುತ್ತಾರೆ, ಇಲ್ಲಿ ಮೂರನೆಯದಕ್ಕೂ ಯಾರೂ ಓಗೊಡದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಮೂರನೆಯ ಸಲ ಕೂಗಿ ಆಕೆ ಕಿವಿಗೊಟ್ಟಳು.

"ಟಿಣ್" ಎಂದಿತು.

ಡೊರೊಥಿಯ ಕೈ ಬಾಗಿಲ ಇಟ್ಟಿಗೆಯನ್ನು ಹಿಡಿದುಕೊಂಡಿತು. ಶಾಂತಾ ನನ್ನ ತೋಳು ಹಿಡಿದಳು. ನಾನು ನನ್ನ ಚೀಲವನ್ನು ತೋರಿಸಿದೆ.

ಹೂವು ಬರೆಯುವ ಕೋಣೆ

ಬಿರುಕು ಬಿಟ್ಟ ಪಿಂಗಾಣಿ ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಬಂದಾಗ ಹಾಗೆ ಸದ್ದು ಮಾಡುತ್ತದೆ, ಬಿರುಕು ಒಂದೊಂದೇ ಕೂದಲಿನಷ್ಟು ಮುಂದೆ ಸರಿಯುತ್ತದೆ ಎಂದು ಡೊರೊಥಿ ವಿವರಿಸಿದಳು. ಬೆಳಕಿನಲ್ಲಿ ನೋಡೋಣ ಎಂದು ಮಹಡಿಯ ಮೇಲಿನ ಉದ್ದನೆಯ ಕೋಣೆಗೆ ಕರೆದೊಯ್ದಳು. ಕಿಟಕಿಗಳ ಗುಂಟ ಮರದ ಮೇಜು, ಮುಂದೆ ಸಾಲಾಗಿ ಮೂರುಕಾಲಿನ ಕುರ್ಚಿ. ಇಲ್ಲಿಯೇ ಹೆಣ್ಣುಮಕ್ಕಳು ಮುಂಜಾನೆಯಿಂದ ಸಂಜೆಯವರೆಗೆ ಹೂವು ಬರೆಯುತ್ತಿದ್ದದ್ದು.

ಶಾಂತಾ ದಣಿದು ಒಂದು ಕುರ್ಚಿಗೆ ಕುಳಿತು ಮೇಜಿನ ಮೇಲೆ ಮೊಣಕೈ ಊರಿದಳು. ಊರಿದವಳು ಹಾಗೇ ಬಗ್ಗಿ ನೋಡಿದಳು. ಮೇಜಿನ ಮರದಲ್ಲಿ ಎರಡು ಗುಳಿಗಳಿದ್ದವು, ಆಕೆಯ ಮೊಣಕೈಗಳು ಅಳತೆ ತೆಗೆದಂತೆ ಅವುಗಳಲ್ಲಿ ಕೂತಿದ್ದವು. ಎಷ್ಟು ಜನ, ಎಷ್ಟು ವರ್ಷ ಅದೇ ಜಾಗದಲ್ಲಿ ಮೊಣಕೈ ಊರಿರಬೇಕು.

"ರೀ, ಇಲ್ಲಿ ಕೈ ಇಡ್ರಿ," ಎಂದಳು ಮೆಲ್ಲಗೆ. "ಬೆಚ್ಚಗೈತಿ."

ಇಟ್ಟೆ. ಆ ಕೋಣೆಯಲ್ಲಿ ನಮ್ಮ ಉಸಿರು ಹೊಗೆಯಾಗುತ್ತಿತ್ತು. ಬಿಸಿಲು ಇರಲಿಲ್ಲ. ಎರಡು ಗುಳಿಗಳೂ ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿದ್ದವು. ಶಾಂತಾಳ ಕೈಯ ಬಿಸಿಯಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಕೆ ಕೂತು ಅರೆಗಳಿಗೆಯೂ ಆಗಿರಲಿಲ್ಲ.

ಡೊರೊಥಿ ಬಟ್ಟಲನ್ನು ಮಗುಚಿ, ತಳದ ಗಂಟಿನ ಪಕ್ಕದಲ್ಲಿ ನಾವು ಇಷ್ಟು ವರ್ಷ ನೊಣ ಕೂತ ಕಲೆ ಎಂದುಕೊಂಡಿದ್ದುದನ್ನು ತೋರಿಸಿದಳು. ಮೂರು ಚುಕ್ಕೆ, ಒಂದು ಗೀಟು. ಹೂವು ಬರೆದಾಕೆಯ ಗುರುತು. ಓದು ಬರಹ ಬಾರದ ಹೆಣ್ಣುಮಕ್ಕಳು ಹೆಸರಿನ ಬದಲು ಹೀಗೆ ಹಾಕುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗಿಟ್ಟು ನೆಕ್ಕುತ್ತಿದ್ದರು, ಬಣ್ಣದಲ್ಲಿ ಸೀಸವಿರುತ್ತಿತ್ತು. ಮೊದಲು ವಸಡಿಗೆ ನೀಲಿ ಗೆರೆ ಬರುತ್ತಿತ್ತು, ಆಮೇಲೆ ಮಣಿಕಟ್ಟು ಜೋತುಬೀಳುತ್ತಿತ್ತು, ಬಸಿರು ನಿಲ್ಲುತ್ತಿರಲಿಲ್ಲ. ಡೊರೊಥಿ ಬಳ್ಳಿಯ ಕೊನೆಯ ಎಲೆಯ ಮೇಲೆ ಬೆರಳಿಟ್ಟಳು. ಉಳಿದ ಎಲೆಗಳಿಗಿಂತ ಅದು ತುಸು ಸೊಟ್ಟಗಿತ್ತು. ಈಕೆಯ ಕೈ ಆಗಲೇ ನಡುಗುತ್ತಿತ್ತು ಎಂದಳು. ದಿನಾ ನೋಡಿದ ಎಲೆ ಅದು, ನಾನು ಎಂದೂ ಅದನ್ನು ನೋಡಿರಲಿಲ್ಲ.

ಜೋಡಿಯನ್ನು ಹುಡುಕಿಕೊಂಡು ಬಂದಿದ್ದೇವೆ, ನಮ್ಮ ತಾಯಿ ಒಂದು ಹೊತ್ತಿನ ಊಟ ಬಿಟ್ಟಿದ್ದಾಳೆ ಎಂದು ತಿಳಿದ ಮಟ್ಟಿಗೆ ಹೇಳಿದೆ. ಡೊರೊಥಿ ಮೂಲೆಯ ಕಪಾಟು ತೆರೆದು ಬಹಳ ಹೊತ್ತು ತಡಕಾಡಿದಳು. ಧೂಳು ಒರೆಸಿ ಒಂದು ಬಟ್ಟಲು ತಂದಿಟ್ಟಳು. ಅದೇ ಬಿಳುಪು, ಅದೇ ನೀಲಿ ಬಳ್ಳಿ, ತಳದಲ್ಲಿ ಅದೇ ಗಂಟು. ಒಂದೇ ಅಚ್ಚಿನ ಎರಡು ಬಟ್ಟಲು ಅಕ್ಕಪಕ್ಕ ಕೂತಿದ್ದವು, ಬಹಳ ದಿನಕ್ಕೆ ಸೇರಿದ ಅಕ್ಕತಂಗಿಯರ ಹಾಗೆ. ಇದರ ಅಂಚು ಒಂದೆಡೆ ಉಬ್ಬಿದ್ದರಿಂದ ಆಗ ಮಾರಾಟವಾಗಲಿಲ್ಲ, ನಿಮ್ಮ ತಾಯಿಗೆ ಕೊಡಿ ಎಂದಳು. ನಾನು ಅಳುವುದೊಂದು ಬಾಕಿ. ಕೈಮುಗಿದೆ.

ಶಾಂತಾ ಹೊಸ ಬಟ್ಟಲನ್ನು ಕಿಟಕಿಗೆ ಹಿಡಿದು ಹಿಂದೆ ಬೆರಳಿಟ್ಟಳು. ನೆರಳು ಕಂಡಿತು. "ಇದು ಯಾವ ಕಲ್ಲು ಕೇಳ್ರಿ," ಎಂದಳು.

ಕೇಳಿದೆ. ಡೊರೊಥಿ ಕಲ್ಲಲ್ಲ ಎಂದು ತಲೆಯಾಡಿಸಿ, ಬನ್ನಿ ತೋರಿಸುತ್ತೇನೆ ಎಂದಳು.

ಅಂಗಳದಾಚೆಯ ಗಿರಣಿ

ಅಂಗಳ ದಾಟಿದರೆ ತಗ್ಗು ಸೂರಿನ ಒಂದು ಗಿರಣಿ. ನಡುವೆ ಬಾವಿಯಂಥ ಕಬ್ಬಿಣದ ತೊಟ್ಟಿ, ಅದರಲ್ಲಿ ಕಲ್ಲುಗಳನ್ನು ಸುತ್ತಿಸುವ ಮರದ ತೋಳುಗಳು. ಗೋಡೆ, ತೊಲೆ, ಜೇಡರ ಬಲೆ ಎಲ್ಲದರ ಮೇಲೂ ಬಿಳಿಯ ಪುಡಿ. ನಮ್ಮ ಹೆಜ್ಜೆಯ ಸದ್ದು ಸಹ ಅದರಲ್ಲಿ ಹುಗಿದುಹೋಗುತ್ತಿತ್ತು. ಡೊರೊಥಿ ಒಂದು ಪೀಪಾಯಿಯ ಮುಚ್ಚಳ ತೆಗೆದು, ಬಟ್ಟಲಿನಲ್ಲಿ ಅರ್ಧಕ್ಕರ್ಧ ಇದೇ ಇರುವುದು ಎಂದಳು.

ಬೆರಳು ಅದ್ದಿ ನೋಡಿದೆ. ನುಣ್ಣಗೆ, ಬೆಳ್ಳಗೆ, ತಂಪಾಗಿತ್ತು. ನಲವತ್ತೈದು ವರ್ಷ ದಿನಾ ಬೆಳಿಗ್ಗೆ ಮಾಡಿದ ಅಭ್ಯಾಸ, ನಾನು ಯೋಚಿಸಲಿಲ್ಲ. ಮೂರು ಬೆರಳಿನಿಂದ ಹಣೆಗೆ ಎಳೆದುಕೊಂಡೆ.

ಡೊರೊಥಿ ನಕ್ಕಳು. ಆಮೇಲೆ ತಾನು ತೋರಿಸುತ್ತಿದ್ದುದನ್ನು ಮುಂದುವರಿಸಿ, ತನ್ನ ಮೊಣಕಾಲ ಕೆಳಗಿನ ಎಲುಬನ್ನು ತಟ್ಟಿ, ಎರಡು ಕೈಗಳನ್ನು ತಲೆಯ ಮೇಲೆ ಕೊಂಬಿನಂತೆ ಹಿಡಿದಳು. ಎತ್ತು, ಹಸುಗಳ ಎಲುಬು. ಕುದಿಸಿ, ಸುಟ್ಟು, ಬೂದಿ ಮಾಡಿ, ನೀರು ಹಾಕಿ ಇಲ್ಲಿ ಅರೆಯುತ್ತಿದ್ದರು. ಅದಿಲ್ಲದೆ ಈ ಬಿಳುಪು ಬರುವುದಿಲ್ಲ, ಬೆಳಕು ಹಾಯುವುದಿಲ್ಲ. ಎಲ್ಲಿಯ ಎಲುಬು ಎಂದು ಕೇಳಿದ್ದು ನಾನೇ ಇರಬೇಕು, ನನಗೆ ನೆನಪಿಲ್ಲ. ಎಲ್ಲ ಕಡೆಯದೂ ಎಂದಳು. ಹಡಗು ಬಂದಲ್ಲಿಂದೆಲ್ಲ. ನಿಮ್ಮ ದೇಶದಿಂದಲೂ ಮೂಟೆ ಬರುತ್ತಿದ್ದವು ಎಂದು ಅಜ್ಜಿ ಹೇಳುತ್ತಿದ್ದಳು.

ನಾನು ಶಾಂತಾಳ ಕಡೆ ನೋಡಿದೆ. ಆಕೆ ನನ್ನ ಹಣೆಯನ್ನೇ ನೋಡುತ್ತಿದ್ದಳು. ಸೆರಗು ತೆಗೆದು ಒರೆಸಲು ಬಂದವಳು ಅರ್ಧಕ್ಕೆ ಕೈ ನಿಲ್ಲಿಸಿದಳು, ಒರೆಸಿದರೆ ಸೆರಗಿಗೆ ಹತ್ತುತ್ತದೆ.

ಹೊರಗಿನ ನಲ್ಲಿಯಲ್ಲಿ ಮುಖ ತೊಳೆದೆ. ಮತ್ತೆ ತೊಳೆದೆ. ಬಸವಣ್ಣನಿಗೆ ಸೋಮವಾರ ನೊಗ ತಾಗಿಸದ ಮನೆ ನಮ್ಮದು. ಆ ಮನೆಯ ಜಗುಲಿಯ ಮೇಲೆ ನಾಲ್ಕು ತಲೆಮಾರು ಬಸವಣ್ಣನ ಎಲುಬಿಟ್ಟು ನೀರು ಹಿಡಿದು ಕುಡಿದೆವು. ಅಲ್ಲಿ ನಿಂತಾಗ ನನ್ನ ಬೆನ್ನ ಹಿಂದಿನ ಗಿರಣಿಯಲ್ಲಿ ಏನೋ ಉಸಿರು ಬಿಟ್ಟಂತೆ ಕೇಳಿತು, ದೊಡ್ಡ ಮೈಯ ದನಗಳು ಗೋದಲಿಯ ಮುಂದೆ ಬಿಡುವಂಥ ಉಸಿರು. ತಿರುಗಿದರೆ ಬಿಳಿಯ ಪುಡಿ ಬಾಗಿಲ ಬೆಳಕಿನಲ್ಲಿ ಮೇಲೇಳುತ್ತಿತ್ತು. ಗಾಳಿ ಇರಲಿಲ್ಲ.

ಹೊಸ ಬಟ್ಟಲನ್ನು ನಾನು ಬಿಡಲಿಲ್ಲ. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ವಾಪಸು ರೈಲಿನಲ್ಲಿ ಎರಡನ್ನೂ ಅವ್ವನ ಸೆರಗಿನಲ್ಲಿ ಸುತ್ತಿಕೊಂಡು ಕುಳಿತೆ.

"ಅವ್ವಗ ಹೇಳಬ್ಯಾಡ," ಎಂದೆ. "ಜೋಡಿ ಸಿಕ್ಕಿತು ಅನ್ನೋಣ. ಎರಡ್ಹೊತ್ತು ಉಂಡರ ಸಾಕು. ಈ ವಯಸ್ಸಿನ್ಯಾಗ ಯಾಕ ಆಕಿಗೆ ಇದೆಲ್ಲ?"

ಶಾಂತಾ ಕಿಟಕಿಯ ಕಡೆ ಮುಖ ಮಾಡಿದಳು. "ನಿಮ್ಮವ್ವ, ನಿಮ್ಮ ಬಾಯಿ. ನಾ ಅಂತೂ ಕೈಯಾರೆ ಕೊಡಂಗಿಲ್ಲ."

ಮತ್ತೆ ಅಗಡಿ

ನಾವು ಊರು ಮುಟ್ಟಿದ ಮರುದಿನ ಬೆಳಿಗ್ಗೆ ಅಗಡಿಗೆ ಹೋದೆವು. ಅವ್ವ ಇನ್ನಷ್ಟು ಸೊರಗಿದ್ದಳು. ಹೊಸ ಬಟ್ಟಲನ್ನು ಕಂಡು ಆಕೆಯ ಮುಖ ಅರಳಿದ್ದನ್ನು ನೋಡಿ, ನಾನು ಮಾಡಿದ್ದೇ ಸರಿ ಎನ್ನಿಸಿತು. ಸ್ನಾನ ಮುಗಿಸಿ ಬಂದಳು. ಎರಡೂ ಬಟ್ಟಲುಗಳನ್ನು ಜಗುಲಿಯ ಮೇಲೆ ಪಕ್ಕಪಕ್ಕ ಇಟ್ಟಳು. ವಿಭೂತಿ ಧರಿಸಿದಳು, ಪತ್ರಿ ಏರಿಸಿದಳು, ಅಂಗೈಯ ಲಿಂಗಕ್ಕೆ ನೀರೆರೆದು ಹೊಸ ಬಟ್ಟಲಿಗೆ ಹಿಡಿದಳು. ಬಟ್ಟಲನ್ನು ಎತ್ತಿ ಕಣ್ಣಿಗೊತ್ತಿಕೊಂಡು ತುಟಿಯ ಹತ್ತಿರ ತಂದಳು.

"ಅವ್ವಾ, ತಡಿ ಬೇ," ಎಂದೆ.

ಬಟ್ಟಲು ಹಾಗೇ ನಿಂತಿತು. ನಾನು ಆಕೆಯ ಕಾಲ ಹತ್ತಿರ ಕುಳಿತು ಎಲ್ಲ ಹೇಳಿದೆ. ಗೂಡು, ಬಣ್ಣ ನೆಕ್ಕಿದಾಕೆ ಬರೆದ ಸೊಟ್ಟ ಎಲೆ, ಗಿರಣಿ, ಪೀಪಾಯಿ, ನನ್ನ ಹಣೆ, ರೈಲಿನಲ್ಲಿ ಸುಳ್ಳು ಹೇಳಲು ನಿಶ್ಚಯಿಸಿದ್ದು. ತಮ್ಮನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವ್ವ ಬಟ್ಟಲನ್ನು ಕೆಳಗಿಟ್ಟಳು. ಆಕೆ ಈಗ ಕುಸಿಯುತ್ತಾಳೆ, ಇನ್ನೊಂದು ಹೊತ್ತಿನ ಊಟವನ್ನೂ ಬಿಡುತ್ತಾಳೆ ಎಂದುಕೊಂಡೆ.

"ನಾಲ್ಕು ತಲಿ ಕುಡದೇವಿ," ಎಂದಳು. "ಇನ್ನ ಉಗುಳಾಕ ಬರತೈತೇನು?"

"ತಪ್ಪಾತು ಬೇ."

"ನಿಂದಲ್ಲ, ನಂದು. ಲಿಂಗದ ಮ್ಯಾಲೆ ಇಡೋ ಜೀಂವಾ ಬಟ್ಟಲದ ಮ್ಯಾಲೆ ಇಟ್ಟಿದ್ದೆ." ಆಕೆ ಲಿಂಗಕ್ಕೆ ಇನ್ನೊಮ್ಮೆ ನೀರೆರೆದು, ಅಂಗೈಯಲ್ಲಿ ನಿಂತಷ್ಟನ್ನೇ ಕುಡಿದಳು. ಆಮೇಲೆ ನನ್ನ ತಮ್ಮನನ್ನು ಕರೆದಳು. "ಸಲಿಕಿ ತಗೋ. ಹೊಲಕ್ಕ ನಡೀರಿ."

"ಯಾಕ ಬೇ?" ಎಂದ ಅವನು.

"ಸತ್ತ ಎತ್ತನ್ನ ಮಣ್ಣು ಮಾಡಲಾರದ ಮನ್ಯಾಗ ಇಟ್ಕೊಂಡು ಕುಂಡ್ರತಾರೇನೋ? ಪಾಪ, ಸುಟ್ರು, ಅರದ್ರು, ಬಣ್ಣಾ ಹಚ್ಚಿದ್ರು. ಯಾರೂ ಮಣ್ಣು ಕೊಡಲಿಲ್ಲ. ನಮ್ಮ ಜಗಲಿ ಮ್ಯಾಲೆ ಕುಂತು ಕೂಗಾಕತ್ತಿತ್ತು, ನನಗ ತಿಳೀಲಿಲ್ಲ."

ನಮ್ಮ ಹೊಲದ ಮೂಲೆಯ ಬೇವಿನ ಗಿಡದ ಕೆಳಗೆ ಮನೆಯ ಎತ್ತುಗಳನ್ನು ಹೂಳುವುದು ರೂಢಿ. ತಮ್ಮ ಅಲ್ಲಿ ಗುಂಡಿ ತೋಡಿದ. ಅವ್ವ ಎರಡು ಬಟ್ಟಲುಗಳಿಗೂ ವಿಭೂತಿ ಹಚ್ಚಿ, ಪತ್ರಿ ಇಟ್ಟು, ಎತ್ತಿಗೆ ಹೊದಿಸುವಂತೆ ಹೊಸ ಬಟ್ಟೆ ಹೊದಿಸಿ ತಾನೇ ಬಗ್ಗಿ ಒಳಗಿಟ್ಟಳು. ನಾವೆಲ್ಲ ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿದೆವು. ತಮ್ಮ ಸಲಿಕೆ ಎತ್ತಿದಾಗ ಅವ್ವ ಅವನನ್ನು ತಡೆದು ನನ್ನನ್ನು ಕೇಳಿದಳು.

"ಆ ಸೊಟ್ಟ ಎಲಿ ಬರದಾಕಿ, ಬಣ್ಣಾ ನೆಕ್ಕಿ ನೆಕ್ಕಿ ಹೋದಾಕಿ. ಆಕಿ ಹೆಸರೇನಂದಿ?"

"ಹೆಸರು ಗೊತ್ತಿಲ್ಲ ಬೇ. ಮೂರು ಚುಕ್ಕಿ, ಒಂದು ಗೀಟು."

"ಆಕೀನೂ ಇದರಾಗ ಅದಾಳ," ಎಂದಳು ಅವ್ವ. "ಆಕಿಗೂ ಒಂದ್ ಹಿಡಿ ಹಾಕು."

ಹಾಕಿದೆ. ಮನೆಗೆ ಬಂದು ಅವ್ವ ಕಾಲು ತೊಳೆದುಕೊಂಡು ಅಡಿಗೆಮನೆಯ ಗೋಡೆಗೆ ಒರಗಿ ಕುಳಿತು, ಹಸಿವಾಗಿದೆ, ರೊಟ್ಟಿ ಬಡಿಯಿರಿ ಎಂದಳು. ಸಂಜೆಗೆ ಮತ್ತೊಮ್ಮೆ ಉಂಡಳು.